ಫಂಗಸ್ ಕ್ಯಾಪ್ಸೂಲಿಗೆ ಊಟ ಬೇಕು, ಗ್ಯಾಸ್ ಮಾತ್ರೆ ಬೇಡ

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿದರೆ ಫಂಗಸ್ಸಿನಿಂದ ಬರುವ ಹುಳುಕಡ್ಡಿ ಹೆಚ್ಚುವುದು, ಮೆಡಿಕಲ್ ಶಾಪುಗಳಲ್ಲಿ ಅದಕ್ಕೆ ಕೊಡುವ ಇಟ್ರಾಕೊನಜೋಲ್ ಕ್ಯಾಪ್ಸೂಲು ಖರ್ಚಾಗುವುದು ಹೊಸದೇನಲ್ಲ. ಅದರ ಬೆನ್ನಿಗೇ ಬರುವ ದೂರೂ ಹಳೆಯದೇ: 'ತಿಂಗಳಿಡೀ ನುಂಗಿದೆ, ಏನೂ ಆಗಲಿಲ್ಲ.' ಫಂಗಸ್ಸೇ ಔಷಧಿಗೆ ಬಗ್ಗದಷ್ಟು ಬಲಿತಿದೆ ಎನ್ನುವ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಅದಕ್ಕೆ ಮುಂದೆ ಬರುತ್ತೇನೆ. ಆದರೆ ಎಷ್ಟೋ ಸಲ ಕ್ಯಾಪ್ಸೂಲು ಹೊಟ್ಟೆಗೆ ಹೋದರೂ ಔಷಧಿ ರಕ್ತಕ್ಕೆ ಸೇರಿಯೇ ಇರುವುದಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ವೈದ್ಯರು ಅದನ್ನು ಬರೆದುಕೊಟ್ಟ ಚೀಟಿಯ ಮೊದಲ ಸಾಲು ನೋಡಿ: ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗ್ಯಾಸ್ ಮಾತ್ರೆ.

ಇಟ್ರಾಕೊನಜೋಲ್ ನೀರಿನಲ್ಲಿ ಕರಗುವ ವಸ್ತುವೇ ಅಲ್ಲ. ಜಠರದ ಆಮ್ಲ ಚೆನ್ನಾಗಿ ಹುಳಿಯಾಗಿದ್ದರೆ ಮಾತ್ರ ಕರಗುತ್ತದೆ. ಕ್ಯಾಪ್ಸೂಲ್ ಬಿಚ್ಚಿದರೆ ಒಳಗೆ ಪುಡಿ ಇರುವುದಿಲ್ಲ, ಸಾಸಿವೆಯಂಥ ಸಣ್ಣ ಗುಂಡುಗಳಿರುತ್ತವೆ. ಸಕ್ಕರೆಯ ಗುಂಡಿನ ಮೇಲೆ ಔಷಧಿಯ ತೆಳು ಲೇಪ ಕೊಟ್ಟು ಮಾಡಿರುವುದು ಅದನ್ನು. ಆ ಲೇಪ ಹೊಟ್ಟೆಯ ಹುಳಿಯಲ್ಲಿ ಕರಗಿ, ಕರುಳಿಗೆ ಇಳಿದು, ಅಲ್ಲಿಂದ ರಕ್ತ ಸೇರಬೇಕು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರ‍್ಯಾಬೆಪ್ರಜೋಲ್ ಮುಂತಾದ ಗ್ಯಾಸ್ ಮಾತ್ರೆಗಳ ಕೆಲಸವೇ ಆಮ್ಲ ಉತ್ಪತ್ತಿಯನ್ನು ತಡೆಯುವುದು. ಒಮೆಪ್ರಜೋಲ್ ಜೊತೆ ಕೊಟ್ಟು ಅಳೆದಾಗ ರಕ್ತ ಸೇರಿದ ಇಟ್ರಾಕೊನಜೋಲ್ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲಿಗೆ ಇಳಿದದ್ದು ಕಂಡುಬಂದಿದೆ. ಮೂರು ಕ್ಯಾಪ್ಸೂಲಿಗೆ ದುಡ್ಡು ಕೊಟ್ಟು ಒಂದನ್ನು ನುಂಗಿದ ಲೆಕ್ಕ ಇದು.

'ಬೆಳಿಗ್ಗೆ ಗ್ಯಾಸ್ ಮಾತ್ರೆ, ರಾತ್ರಿ ಫಂಗಸ್ ಕ್ಯಾಪ್ಸೂಲ್, ಮಧ್ಯೆ ಹನ್ನೆರಡು ಗಂಟೆ ಇದೆಯಲ್ಲ' ಎಂದು ಕೇಳುವವರಿದ್ದಾರೆ. ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಈ ಗುಂಪಿನ ಮಾತ್ರೆ ದಿನಪೂರ್ತಿ ಆಮ್ಲವನ್ನು ತಗ್ಗಿಸುತ್ತದೆ. ಕೆಲವು ದಿನ ನುಂಗಿ ನಿಲ್ಲಿಸಿದರೂ ಜಠರ ಮೊದಲಿನ ಸ್ಥಿತಿಗೆ ಬರಲು ಮೂರರಿಂದ ಐದು ದಿನ ಬೇಕು. ಎರಡು ಗಂಟೆ ಅಂತರದ ನಿಯಮ ಅನ್ವಯಿಸುವುದು ಎದೆಯುರಿಗೆ ಕುಡಿಯುವ ಗುಲಾಬಿ ಬಣ್ಣದ ದ್ರವ, ಜಗಿಯುವ ಮಾತ್ರೆ, ನೊರೆ ಬರುವ ಸೋಡಾ ಪುಡಿ ಇಂಥವಕ್ಕೆ. ಅವನ್ನು ಕ್ಯಾಪ್ಸೂಲಿಗೆ ಎರಡು ಗಂಟೆ ಮುಂಚೆಯೋ ಎರಡು ಗಂಟೆ ಆದ ಮೇಲೋ ತೆಗೆದುಕೊಳ್ಳಬಹುದು.

ನಮ್ಮಲ್ಲಿ ಗ್ಯಾಸ್ ಮಾತ್ರೆ ಒಂಟಿಯಾಗಿ ಬರುವುದೂ ಕಡಿಮೆ. ಪ್ಯಾಂಟೊಪ್ರಜೋಲ್ ಜೊತೆಗೆ ವಾಂತಿ ತಡೆಯುವ ಡೊಂಪೆರಿಡೋನ್ ಸೇರಿಸಿದ ಕ್ಯಾಪ್ಸೂಲೇ ಹೆಚ್ಚು ಓಡುವುದು. ಇಟ್ರಾಕೊನಜೋಲ್ ಮತ್ತು ಡೊಂಪೆರಿಡೋನ್ ಎರಡನ್ನೂ ಒಟ್ಟಿಗೆ ಕೊಡಲೇಬಾರದು. ಡೊಂಪೆರಿಡೋನನ್ನು ಒಡೆದು ಹೊರಹಾಕುವ ಯಕೃತ್ತಿನ ಕಿಣ್ವವನ್ನು ಇಟ್ರಾಕೊನಜೋಲ್ ಕಟ್ಟಿಹಾಕುತ್ತದೆ. ರಕ್ತದಲ್ಲಿ ಅದರ ಮಟ್ಟ ಏರುತ್ತದೆ, ಹೃದಯದ ಬಡಿತದ ಲಯ ತಪ್ಪುವ ಅಪಾಯ ಹುಟ್ಟುತ್ತದೆ. ಅಂದರೆ ಒಂದೇ ಗ್ಯಾಸ್ ಕ್ಯಾಪ್ಸೂಲಿನ ಅರ್ಧ ಭಾಗ ಚಿಕಿತ್ಸೆಯನ್ನು ಕೆಡಿಸುತ್ತದೆ, ಇನ್ನರ್ಧ ರೋಗಿಯನ್ನು ಅಪಾಯಕ್ಕೆ ದೂಡುತ್ತದೆ. 'ಮಾತ್ರೆ ಹೀಟು, ಗ್ಯಾಸಿಗೆ ಒಂದು ಬರೆದುಕೊಡಿ' ಎಂದು ರೋಗಿಗಳೇ ಕೇಳಿ ಪಡೆಯುವ ಅಭ್ಯಾಸವೂ ಇದಕ್ಕೆ ಕಾರಣ. ನಿಜ ಹೇಳಬೇಕೆಂದರೆ ಇಟ್ರಾಕೊನಜೋಲಿನಿಂದ ಬರುವ ಹೊಟ್ಟೆ ತೊಳಸು, ಉಬ್ಬರ ಊಟದ ಜೊತೆ ನುಂಗಿದರೆ ಬಹುಮಟ್ಟಿಗೆ ತಗ್ಗುತ್ತದೆ.

ಊಟ ಎಂದರೆ ಪೂರ್ತಿ ಊಟ. ಮುದ್ದೆ ಸಾರು, ಅನ್ನ ಹುಳಿ, ಎರಡು ರೊಟ್ಟಿ ಪಲ್ಯ, ಏನಾದರೂ ಸರಿ. ಉಂಡು ಕೈ ತೊಳೆದ ಕೂಡಲೇ ಕ್ಯಾಪ್ಸೂಲನ್ನು ಇಡಿಯಾಗಿ ನೀರಿನೊಂದಿಗೆ ನುಂಗಬೇಕು. ಕಾಫಿ ಬಿಸ್ಕತ್ತು ಊಟವಲ್ಲ. ಗುಂಡುಗಳನ್ನು ಜಗಿಯುವುದು, ಅರೆದು ನೀರಿಗೆ ಹಾಕುವುದು ಬೇಡ. ದಿನಕ್ಕೆ ಎರಡು ಇದ್ದರೆ ಮಧ್ಯಾಹ್ನದ ಊಟಕ್ಕೊಂದು, ರಾತ್ರಿ ಊಟಕ್ಕೊಂದು ಅನುಕೂಲ. ಶ್ರಾವಣ ಸೋಮವಾರ, ಏಕಾದಶಿ ಎಂದು ಒಪ್ಪೊತ್ತು ಮಾಡುವವರು ಉಣ್ಣುವ ಆ ಹೊತ್ತಿಗೇ ಔಷಧಿಯನ್ನು ಹೊಂದಿಸಿಕೊಳ್ಳಲಿ. ರಂಜಾನ್ ಉಪವಾಸದವರು ಖರ್ಜೂರ ಬಾಯಿಗೆ ಹಾಕಿಕೊಂಡಾಗ ಅಲ್ಲ, ಇಫ್ತಾರಿನ ಊಟ ಮುಗಿದ ಮೇಲೆ ತೆಗೆದುಕೊಳ್ಳಲಿ. ಒಂದು ಹೊತ್ತು ಮರೆತರೆ ಮುಂದಿನ ಊಟಕ್ಕೆ ಎಂದಿನಷ್ಟೇ ತೆಗೆದುಕೊಳ್ಳಿ, ಎರಡು ಕೂಡಿಸಿ ನುಂಗಬೇಡಿ.

ಹೊಟ್ಟೆಹುಣ್ಣಿಗೋ, ಹೃದಯದ ತೊಂದರೆಗೆ ಆಸ್ಪಿರಿನ್ ನುಂಗುವುದರಿಂದಲೋ ಆಮ್ಲ ತಗ್ಗಿಸುವ ಮಾತ್ರೆ ನಿಜಕ್ಕೂ ಬೇಕಾದವರು ಈ ಪತ್ರ ಓದಿ ಅದನ್ನು ತಾವಾಗಿ ನಿಲ್ಲಿಸಬಾರದು. ವೈದ್ಯರಿಗೆ ಹೇಳಿ, ಬೇರೆ ದಾರಿ ಇದೆ. ಕೋಲಾದಂಥ ಹುಳಿ ಪಾನೀಯದ ಜೊತೆ ನುಂಗಿದರೆ ಔಷಧಿ ಹೀರಿಕೆ ಸುಧಾರಿಸುತ್ತದೆ, ಸಕ್ಕರೆರಹಿತ ಕೋಲಾ ಇದಕ್ಕೆ ಆಗಿಬರುವುದಿಲ್ಲ. ಶುಗರ್ ಇದ್ದವರಿಗೆ ಈ ಉಪಾಯ ಒಗ್ಗದು. ನಿಂಬೆ ಪಾನಕ, ಕಿತ್ತಳೆ ರಸ ಅದೇ ಕೆಲಸ ಮಾಡುತ್ತವೆ ಎಂದು ನಂಬಿ ಕೂರಬೇಡಿ. ಇದೇ ಔಷಧಿಯ ದ್ರವರೂಪವೂ ಇದೆ, ಅದನ್ನು ಖಾಲಿ ಹೊಟ್ಟೆಯಲ್ಲೇ ಕುಡಿಯಬೇಕು. ಇತ್ತೀಚೆಗೆ 50, 65 ಮಿಲಿಗ್ರಾಂನ ಹೊಸ ಬಗೆಯ ಕ್ಯಾಪ್ಸೂಲುಗಳೂ ಬಂದಿವೆ. ಹಳೆಯ ಬಗೆಯ 100 ಮಿಲಿಗ್ರಾಂನಷ್ಟೇ ರಕ್ತ ಸೇರುವಂತೆ ಮಾಡಿದವು ಅವು. ಆದ್ದರಿಂದ '65 ಕಡಿಮೆಯಾಯಿತು, ಎರಡು ನುಂಗೋಣ' ಎಂಬ ಲೆಕ್ಕ ಅಪಾಯದ್ದು. 'ಆ ಕಂಪನಿದು ಇಲ್ಲ, ಇದು ತಗೊಳ್ಳಿ' ಎಂದು ಅಂಗಡಿಯವರು ಒಂದು ಬಗೆಯ ಬದಲು ಇನ್ನೊಂದನ್ನು ಕೊಡುವುದಾದರೆ ವೈದ್ಯರನ್ನು ಕೇಳಿಯೇ ಕೊಡಬೇಕು.

ಇನ್ನು ಫಂಗಸ್ ಬಲಿತಿರುವ ಮಾತು. ದೇಶದಲ್ಲಿ ಈಗ ಹರಡಿರುವುದು ಹೆಚ್ಚಾಗಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ಬಗೆ. 2020ರಲ್ಲಿ ಜಪಾನಿನ ಸಂಶೋಧಕರು ಇದಕ್ಕೆ ಈ ಹೆಸರಿಟ್ಟರು. ಒಂದು ಕಾಲಕ್ಕೆ ರಾಮಬಾಣವಾಗಿದ್ದ ಟರ್ಬಿನಾಫಿನ್ ಮಾತ್ರೆಗೆ ಇದರ ಎಷ್ಟೋ ತಳಿಗಳು ಜಗ್ಗುವುದಿಲ್ಲ. ಆ ಮಾತ್ರೆ ತಾಗಬೇಕಾದ ಕಿಣ್ವದ ಆಕಾರವೇ ಜೀನಿನ ಬದಲಾವಣೆಯಿಂದ ಬೇರೆಯಾಗಿದೆ. ಹಾಗಾಗಿ ಚರ್ಮವೈದ್ಯರು ಇಟ್ರಾಕೊನಜೋಲಿನ ಮೇಲೆ ಹೆಚ್ಚು ನೆಚ್ಚಿದ್ದಾರೆ. ಹಿಂದೆ ವಾರ, ಹದಿನೈದು ದಿನಕ್ಕೆ ಮುಗಿಯುತ್ತಿದ್ದ ಕೋರ್ಸು ಈಗ ದಿನಕ್ಕೆ 100ರಿಂದ 200 ಮಿಲಿಗ್ರಾಂ ಪ್ರಮಾಣದಲ್ಲಿ ನಾಲ್ಕರಿಂದ ಎಂಟು ವಾರ ಎಳೆಯುತ್ತದೆ. ಹತ್ತು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಕೆಂಪು ಅಡಗುತ್ತದೆ, ಎಷ್ಟೋ ಜನ ಅಲ್ಲಿಗೆ ಬಿಟ್ಟುಬಿಡುತ್ತಾರೆ. ಔಷಧಿ ಚರ್ಮದ ಹೊರಪದರದಲ್ಲಿ ಕೂತು, ನುಂಗುವುದನ್ನು ನಿಲ್ಲಿಸಿದ ಮೇಲೂ ಎರಡರಿಂದ ನಾಲ್ಕು ವಾರ ಅಲ್ಲಿ ಉಳಿಯುತ್ತದೆ. ಅದು ಖಾಲಿಯಾಗುವ ಹೊತ್ತಿಗೆ ಅರ್ಧ ಸತ್ತ ಫಂಗಸ್ ಮತ್ತೆ ಚಿಗುರುತ್ತದೆ. 'ತಿಂಗಳು ಚೆನ್ನಾಗಿತ್ತು, ಆಮೇಲೆ ವಾಪಸ್ ಬಂತು' ಎನ್ನುವುದರ ಒಳಗುಟ್ಟು ಹೀಗೆ.

ಪಕ್ಕದ ಮನೆಯವರ ಚೀಟಿಯನ್ನು ನಕಲು ಮಾಡುವುದರಲ್ಲಿ ಇನ್ನೊಂದು ಎಡವಟ್ಟಿದೆ. ಉಗುರಿನ ಫಂಗಸ್ಸಿಗೆ 200 ಮಿಲಿಗ್ರಾಂ ದಿನಕ್ಕೆರಡು ಸಲ ಒಂದು ವಾರ, ಮೂರು ವಾರ ಬಿಡುವು, ಮತ್ತೆ ಒಂದು ವಾರ ಎನ್ನುವ ಕ್ರಮವಿದೆ. ಕೈ ಉಗುರಿಗೆ ಇಂಥ ಎರಡು ಸುತ್ತು, ಕಾಲುಗುರಿಗೆ ಮೂರು. ತೊಡೆಸಂದಿಯ ಹುಳುಕಡ್ಡಿಗೆ ಈ ಲೆಕ್ಕ ಹೊಂದುವುದಿಲ್ಲ. ಕಾಲುಗುರಿನವರಿಗೂ ಒಂದು ಮಾತು: ಕೋರ್ಸು ಮುಗಿದ ದಿನ ಉಗುರು ಇನ್ನೂ ಹಳದಿಯಾಗಿಯೇ ಇರುತ್ತದೆ. ಹೆಬ್ಬೆರಳಿನ ಉಗುರು ಬುಡದಿಂದ ಪೂರ್ತಿ ಹೊಸದಾಗಿ ಬರಲು ವರ್ಷಕ್ಕೂ ಹೆಚ್ಚು ಬೇಕು, ಅಷ್ಟರೊಳಗೆ ಗಾಬರಿಯಾಗಿ ಮತ್ತೊಂದು ಸುತ್ತು ನುಂಗಬೇಡಿ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಮನೆಯಲ್ಲಿ ಬಿಪಿ, ಶುಗರ್, ಕೊಲೆಸ್ಟ್ರಾಲ್ ಮಾತ್ರೆ ನುಂಗುವ ಹಿರಿಯರ ವಿಷಯದಲ್ಲಿ. ಡೊಂಪೆರಿಡೋನಿನಂತೆ ಇನ್ನೂ ಹತ್ತಾರು ಔಷಧಿಗಳ ಮಟ್ಟ ಇಟ್ರಾಕೊನಜೋಲಿನಿಂದ ರಕ್ತದಲ್ಲಿ ಏರುತ್ತದೆ. ಕೊಲೆಸ್ಟ್ರಾಲಿಗೆ ಸಿಮ್ವಾಸ್ಟಾಟಿನ್ ನುಂಗುವವರಲ್ಲಿ ಅದರ ಮಟ್ಟ ಹತ್ತು ಪಟ್ಟಿಗೂ ಮೀರಿ ಏರಬಲ್ಲದು. ಅಟಾರ್ವಾಸ್ಟಾಟಿನ್ ಅಷ್ಟು ಏರದಿದ್ದರೂ ಎರಡು ಮೂರು ಪಟ್ಟು ಆಗುತ್ತದೆ, ನಮ್ಮಲ್ಲಿ ಮನೆಮನೆಯಲ್ಲಿರುವುದು ಇದೇ. ಪರಿಣಾಮ ಸ್ನಾಯುಗಳ ಮೇಲೆ: ತೊಡೆ, ಭುಜ ಹಿಡಿದುಕೊಂಡಂಥ ನೋವು, ನಿಶ್ಶಕ್ತಿ, ಮಿತಿಮೀರಿದರೆ ಕಪ್ಪು ಕಾಫಿ ಬಣ್ಣದ ಮೂತ್ರ, ಕಿಡ್ನಿಗೆ ಪೆಟ್ಟು. ಕೋರ್ಸು ಮುಗಿಯುವವರೆಗೆ ಈ ಸ್ಟಾಟಿನ್ ಗುಂಪಿನ ಮಾತ್ರೆ ನಿಲ್ಲಿಸಬಹುದೇ, ಈ ಕಿಣ್ವದ ಗೊಡವೆ ಕಡಿಮೆ ಇರುವ ರೋಸುವಾಸ್ಟಾಟಿನಿಗೆ ಬದಲಿಸಬಹುದೇ ಎಂಬುದನ್ನು ಬರೆದುಕೊಟ್ಟ ವೈದ್ಯರೇ ನಿರ್ಧರಿಸಬೇಕು. ಬಿಪಿಗೆ ಆಮ್ಲೋಡಿಪಿನ್ ನುಂಗುವವರಿಗೆ ಪಾದ ಊದಿಕೊಳ್ಳುವುದು ಹೆಚ್ಚಬಹುದು. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ನುಂಗುವವರಿಗೆ ರಕ್ತಸ್ರಾವ, ಹೃದಯಕ್ಕೆ ಡಿಜಾಕ್ಸಿನ್ ನುಂಗುವವರಿಗೆ ಅದರ ವಿಷಪರಿಣಾಮದ ಭಯ. ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ನುಂಗುವ ಅಜ್ಜಂದಿರು ಎದ್ದು ನಿಂತಾಗ ತಲೆ ಸುತ್ತಿ ಬೀಳಬಹುದು. ನಿದ್ದೆಗೆಂದು ಆಲ್ಪ್ರಜೋಲಾಮ್ ಇದ್ದರೆ ಮಂಪರು ಹಗಲಿಗೂ ಮುಂದುವರಿಯುತ್ತದೆ.

ಜನರಿಗೆ ಹೊಳೆಯದೇ ಹೋಗುವುದು ಆಸ್ತಮಾದ ಇನ್ಹೇಲರ್. ಸೇದುವ ಔಷಧಿ ಶ್ವಾಸಕೋಶಕ್ಕೆ ತಾನೇ ಎಂದುಕೊಂಡು ವೈದ್ಯರಿಗೆ ಹೇಳುವುದೇ ಇಲ್ಲ. ಇನ್ಹೇಲರಿನಲ್ಲಿರುವ ಬುಡೆಸೊನೈಡ್, ಫ್ಲುಟಿಕಾಸೋನ್ ಎಂಬ ಸ್ಟೀರಾಯ್ಡುಗಳು ಸ್ವಲ್ಪಮಟ್ಟಿಗೆ ರಕ್ತ ಸೇರಿ ಯಕೃತ್ತಿನಲ್ಲಿ ಇದೇ ಕಿಣ್ವದಿಂದ ನಾಶವಾಗುವಂಥವು. ಇಟ್ರಾಕೊನಜೋಲ್ ವಾರಗಟ್ಟಲೆ ನಡೆದರೆ ಸ್ಟೀರಾಯ್ಡ್ ಮಾತ್ರೆ ನುಂಗಿದವರಂತೆ ಮುಖ ಊದಿ, ದೇಹದ ಸ್ವಂತ ಸ್ಟೀರಾಯ್ಡ್ ಉತ್ಪತ್ತಿ ಕುಗ್ಗಬಹುದು. ಇನ್ಹೇಲರನ್ನು ಬಿಡಬಾರದು, ಫಂಗಸ್ ಔಷಧಿ ಬರೆಯುವವರಿಗೆ ಅದನ್ನು ತೋರಿಸಬೇಕು.

ಉಲ್ಟಾ ದಿಕ್ಕಿನ ಪೆಟ್ಟೂ ಇದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸಿಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಇವು ಇಟ್ರಾಕೊನಜೋಲನ್ನೇ ಬೇಗ ಒಡೆದುಹಾಕಿಬಿಡುತ್ತವೆ. ಆರು ತಿಂಗಳ ಕ್ಷಯದ ಚಿಕಿತ್ಸೆ ನಡೆಯುತ್ತಿರುವಾಗ ಈ ಕ್ಯಾಪ್ಸೂಲು ಬರೀ ದಂಡ. ರಿಫಾಂಪಿಸಿನ್ ನಿಲ್ಲಿಸಿದ ಮೇಲೂ ಎರಡು ವಾರ ಅದರ ಪ್ರಭಾವ ಇರುತ್ತದೆ.

ಹೃದಯ ವೈಫಲ್ಯ ಇದ್ದವರಿಗೆ, ಹಿಂದೆ ಆಗಿದ್ದವರಿಗೆ ಚರ್ಮ ಅಥವಾ ಉಗುರಿನ ಫಂಗಸ್ಸಿಗಾಗಿ ಇಟ್ರಾಕೊನಜೋಲ್ ಸಲ್ಲದು. ಹೃದಯ ಸಂಕುಚಿಸುವ ಬಲವನ್ನೇ ಇದು ತಗ್ಗಿಸಬಲ್ಲದು. ಕೋರ್ಸಿನ ನಡುವೆ ಕಾಲು ಬಾತು, ಮಲಗಿದರೆ ಉಸಿರು ಕಟ್ಟಿ, ನಾಲ್ಕೈದು ದಿನದಲ್ಲಿ ತೂಕ ಏರಿದರೆ ಔಷಧಿ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ಊಟ ಸೇರದಿರುವುದು, ವಾಕರಿಕೆ ಬಿಡದಿರುವುದು, ಮೂತ್ರ ಗಾಢವಾಗುವುದು, ಕಣ್ಣು ಹಳದಿಯಾಗುವುದು ಯಕೃತ್ತಿನ ಗುರುತು; ಆಗಲೂ ಅಷ್ಟೇ. ಕಾಮಾಲೆ ಆಗಿದ್ದವರು, ದಿನವೂ ಕುಡಿಯುವವರು ಮೊದಲೇ ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು, ತಿಂಗಳು ಮೀರಿ ನುಂಗುವವರು ನಡುವೆ ಇನ್ನೊಮ್ಮೆ. ಬಸುರಿಯರಿಗೆ ಹುಳುಕಡ್ಡಿಗಾಗಿ ಇದನ್ನು ಕೊಡುವುದಿಲ್ಲ, ಕೋರ್ಸು ಮುಗಿದು ಎರಡು ತಿಂಗಳಾಗುವವರೆಗೂ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಮದುವೆ ಗೊತ್ತಾದ ಹೆಣ್ಣುಮಕ್ಕಳಿಗೆ ಇದನ್ನು ಬಾಯಿಬಿಟ್ಟು ಹೇಳುವ ಸಂಕೋಚವನ್ನು ಅಂಗಡಿಯವರೂ ವೈದ್ಯರೂ ಬಿಡುವುದು ಒಳ್ಳೆಯದು.

ಕ್ಯಾಪ್ಸೂಲನ್ನು ಎಷ್ಟು ಕ್ರಮವಾಗಿ ನುಂಗಿದರೂ ಕೆಡಿಸುವುದು ಟ್ಯೂಬು. ಫಂಗಸ್ ಔಷಧಿ, ಆಂಟಿಬಯಾಟಿಕ್, ಸ್ಟೀರಾಯ್ಡ್ ಮೂರನ್ನೂ ಕಲಸಿದ ಮುಲಾಮು ಈಗಲೂ ಹಲವೆಡೆ ಚೀಟಿಯಿಲ್ಲದೆ ಕೈಗೆ ಸಿಗುತ್ತದೆ. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹಚ್ಚುವ ಸ್ಟೀರಾಯ್ಡುಗಳನ್ನೂ ಷೆಡ್ಯೂಲ್ ಎಚ್ ಬಿಗಿಗೆ ತಂದಿದೆ, ಚೀಟಿಯಿಲ್ಲದೆ ಮಾರುವಂತಿಲ್ಲ. ಟ್ಯೂಬಿನ ಬೆನ್ನ ಮೇಲಿನ ಸಣ್ಣಕ್ಷರ ಓದಿ. ಕ್ಲೋಬೆಟಸಾಲ್, ಬೆಟಮೆಥಸೋನ್, ಬೆಕ್ಲೊಮೆಥಸೋನ್, ಮೊಮೆಟಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ, ಏಕೆಂದರೆ ಉರಿಯೂತ ಅಡಗಿರುತ್ತದೆ. ಚರ್ಮದ ರಕ್ಷಣೆಯೂ ಅಡಗಿರುವುದರಿಂದ ಫಂಗಸ್ ನಿಶ್ಚಿಂತೆಯಿಂದ ಹರಡುತ್ತದೆ. ಉಂಗುರದೊಳಗೆ ಉಂಗುರ ಮೂಡುವುದು, ತೊಡೆಸಂದಿಯಲ್ಲಿ ಬಸುರಿಯ ಹೊಟ್ಟೆಯ ಮೇಲಿನಂಥ ಗೆರೆ ಬೀಳುವುದು ಇದರ ಗುರುತು. ಆ ಗೆರೆ ಮತ್ತೆ ಹೋಗುವುದಿಲ್ಲ. ಹಚ್ಚುವುದಾದರೆ ಫಂಗಸ್ ಔಷಧಿ ಮಾತ್ರ ಇರುವ ಮುಲಾಮನ್ನು, ಕೆಂಪು ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಗೂ ಸೇರಿಸಿ, ಒದ್ದೆ ಒರೆಸಿದ ಮೇಲೆ ಹಚ್ಚಬೇಕು. ತೋರುಬೆರಳಿನ ತುದಿಯ ಗೆಣ್ಣಿನುದ್ದ ಹಿಂಡಿದರೆ ಎರಡು ಅಂಗೈಯಗಲದ ಜಾಗಕ್ಕೆ ಸಾಕು. ಮೈ ತಿಳಿಯಾದ ಮೇಲೂ ಎರಡು ವಾರ ಮುಂದುವರಿಸಬೇಕು. ಬೆಳ್ಳುಳ್ಳಿ ಅರೆದು ಕಟ್ಟುವುದು, ಗೇರುಸಿಪ್ಪೆಯ ಎಣ್ಣೆ ಸವರುವುದು ಚರ್ಮವನ್ನು ಸುಡುತ್ತವೆ, ಸುಟ್ಟ ಗಾಯದಡಿ ಹುಳುಕಡ್ಡಿ ಹಾಗೇ ಇರುತ್ತದೆ.

ಹುಳುಕಡ್ಡಿಯೇ ಹೌದೋ ಅಲ್ಲವೋ ಎಂಬ ಅನುಮಾನ ಇದ್ದರೆ ಅಂಚಿನ ಹೊಟ್ಟು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಇದೆ, ಖರ್ಚು ಅಲ್ಪ. ಹಿಂದಿನ ದಿನದವರೆಗೂ ಮುಲಾಮು ಮೆತ್ತಿಕೊಂಡು ಹೋದರೆ ಫಂಗಸ್ಸಿನ ಎಳೆ ಕಾಣದೇ ಹೋಗಬಹುದು.

ಬಟ್ಟೆಯ ವಿಷಯ ಎಲ್ಲರಿಗೂ ಗೊತ್ತಿರುವುದೇ: ಟವೆಲ್ಲು, ಒಳಉಡುಪು ಬೇರೆ ಬೇರೆ, ಬಿಸಿನೀರಿನಲ್ಲಿ ತೊಳೆದು ಒಳಮೈ ಹೊರಗೆ ತಿರುವಿ ಬಿಸಿಲಿಗೆ, ಮಲೆನಾಡು, ಕರಾವಳಿಯ ಮಳೆಯಲ್ಲಿ ಬಿಸಿಲು ಸಿಗದಿದ್ದರೆ ಸೊಂಟಪಟ್ಟಿಯ ಮೇಲೆ ಇಸ್ತ್ರಿ. ಯಾರೂ ಗಮನಿಸದಿರುವುದು ಉಡಿದಾರ. ವರ್ಷಗಟ್ಟಲೆ ಸೊಂಟದಲ್ಲಿ ಒದ್ದೆಯಾಗಿ ಒಣಗಿ ಇರುವ ಆ ದಾರದ ಎಳೆಗಳಲ್ಲಿ ಫಂಗಸ್ ಉಳಿದು, ಗುಣವಾದ ಚರ್ಮಕ್ಕೆ ಮತ್ತೆ ಅಂಟುತ್ತದೆ. ಚಿಕಿತ್ಸೆ ಶುರುವಾದ ದಿನ ತೆಗೆದುಹಾಕಿ, ಬೇಕಿದ್ದರೆ ಗುಣವಾದ ಮೇಲೆ ಹೊಸದು ಕಟ್ಟಿಕೊಳ್ಳಿ. ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆ ನಡೆಯಬೇಕು.

ವೈದ್ಯರಲ್ಲಿ ಒಂದು ಕೋರಿಕೆ: ಇಟ್ರಾಕೊನಜೋಲ್ ಬರೆಯುವ ಚೀಟಿಯಲ್ಲಿ ರೂಢಿಯಂತೆ ಗ್ಯಾಸ್ ಮಾತ್ರೆ ಸೇರಿಸುವುದನ್ನು ಬಿಡಿ, 'ಊಟದ ನಂತರ' ಎಂಬುದನ್ನು ಕನ್ನಡದಲ್ಲೇ ಬರೆಯಿರಿ. ಔಷಧಿ ಅಂಗಡಿಯವರಲ್ಲಿ ಇನ್ನೊಂದು: ಹತ್ತರ ಸ್ಟ್ರಿಪ್ಪಿನಿಂದ ನಾಲ್ಕು ಕತ್ತರಿಸಿ ಕೊಡುವಾಗ ಹೆಸರು, ಅವಧಿ ಮುಗಿಯುವ ದಿನಾಂಕ ಇರುವ ತುಂಡನ್ನು ನಿಮ್ಮಲ್ಲಿ ಉಳಿಸಿಕೊಂಡು ಬರೀ ಬೆಳ್ಳಿಹಾಳೆಯ ಭಾಗ ಕೊಡಬೇಡಿ. ಕೊಡಲೇಬೇಕಾಗಿ ಬಂದರೆ ಪೊಟ್ಟಣದ ಮೇಲೆ ಹೆಸರು, ಮಿಲಿಗ್ರಾಂ ಬರೆದುಕೊಡಿ. ನಾಳೆ ಆ ರೋಗಿ ಎದೆನೋವೆಂದು ಬೇರೆ ಆಸ್ಪತ್ರೆಗೆ ಹೋದರೆ, ಅಲ್ಲಿಯ ವೈದ್ಯರಿಗೆ ಏನು ನುಂಗುತ್ತಿದ್ದಾರೆಂದು ತಿಳಿಯಲು ಇರುವುದು ಆ ತುಂಡೊಂದೇ.

ಇತಿ,
ಒಬ್ಬ ಫಾರ್ಮಸಿಸ್ಟ್
ಶಿವಮೊಗ್ಗ